ನಮ್ಮಣ್ಣನಿಗೆ ಯಾವ ಟ್ಯಾಲೆಂಟೂ ಇಲ್ಲ

ಹೊಸದಾಗಿ ಪರಿಚಯ ಆದೋರ ಹತ್ರ ಮಾತಾಡ್ತಾ ಮಾತಾಡ್ತಾ ಬುದ್ಧಿ ಬೆಳವಣಿಗೆ ಕಮ್ಮಿ ಇರೋ ನಮ್ಮಣ್ಣನ ವಿಷಯ ಬಂತು ಅಂದ್ರೆ ಮೊದಲು ಒಂದು "ಅಯ್ಯೋ ಪಾಪ" ಬರುತ್ತೆ, ಅದಾದ್ಮೇಲೆ ಅವರೇ ಸ್ವಲ್ಪ ಸುಧಾರಿಸ್ಕೊಂಡು, ನನಗೆ ಸಮಾಧಾನ ಆಗ್ಲಿ ಅಂತಾನೋ ಏನೋ, "ಆದ್ರೆ ಇಂಥೋರಿಗೆ ಏನಾದ್ರೂ ಒಂದು ಸ್ಪೆಷಲ್ ಟ್ಯಾಲೆಂಟ್ ಇದ್ದೇ ಇರುತ್ತಂತಲ್ಲ, ಡ್ರಾಯಿಂಗೋ ಮ್ಯೂಸಿಕ್ಕೋ?" ಅಂತ ಕೇಳ್ತಾರೆ. ನಾನು ಇಲ್ಲ ಅಂತೀನಿ. ಲೆಕ್ಕ? ಇಲ್ಲ. ಯಾವ ತಾರೀಖು ಹೇಳಿದ್ರೂ ಅವತ್ತು ಯಾವ ವಾರ ಅಂತ ಹೇಳ್ಬಿಡ್ತಾರಂತಲ್ಲ, ಅದು? ಇವತ್ತು ಯಾವ ವಾರ ಅಂತ ಕೇಳಿದ್ರೇನೇ ಅವನು ಹೇಳಲ್ಲ, ಬೆಳಿಗ್ಗೆ ಅಮ್ಮ ಇಡ್ಲಿ ಮಾಡಿದ್ರೆ ಭಾನುವಾರ, ಅಷ್ಟೇ. ಇಷ್ಟು ಹೇಳೋ ಹೊತ್ತಿಗೆ ಎದುರಿಗಿರೋರ ಮುಖದಲ್ಲಿ ಒಂಥರಾ ನಿರಾಸೆ, ಏನೋ ನಾನೇ ಅವರಿಗೆ ಮೋಸ ಮಾಡಿದೆ ಅನ್ನೋ ಹಾಗೆ.

ಅಣ್ಣನಿಗೆ ಈಗ ನಲವತ್ತೈದು. ತಿಪಟೂರಲ್ಲಿ ಅಪ್ಪ ಅಮ್ಮನ ಜೊತೆ ಇದಾನೆ, ನಾನು ಬೆಂಗಳೂರಲ್ಲಿ ಐಟಿ ಕೆಲಸ. ಹುಟ್ಟಿದ ತಕ್ಷಣ ಅಳಲಿಲ್ಲವಂತೆ, ಮೈ ನೀಲಿಗೆ ತಿರುಗಿತ್ತಂತೆ, ಮಿದುಳಿಗೆ ಆಕ್ಸಿಜನ್ ಕಮ್ಮಿ ಆಗಿದ್ದಕ್ಕೆ ಹೀಗೆ ಅಂತ ಡಾಕ್ಟರು ಹೇಳಿದ್ದು ಎಷ್ಟೋ ವರ್ಷ ಆದ್ಮೇಲೆ. ಸರ್ಟಿಫಿಕೇಟಲ್ಲಿ ಬೌದ್ಧಿಕ ಅಂಗವೈಕಲ್ಯ, ಮಾಡರೇಟ್, 75 ಪರ್ಸೆಂಟ್ ಅಂತ ಇದೆ. ಟೈಮ್ ನೋಡಕ್ಕೆ ಬರಲ್ಲ, ನೋಟುಗಳನ್ನ ಬಣ್ಣದ ಮೇಲೆ ಗುರುತು ಹಿಡೀತಾನೆ (ನೋಟ್ ಬ್ಯಾನ್ ಟೈಮಲ್ಲಿ ಪಾಪ ಎಲ್ಲಾ ಮೊದಲಿಂದ ಕಲೀಬೇಕಾಯ್ತು), ಚಿತ್ರಾನ್ನ ಇದ್ರೆ ಮೂರು ಸಲ ಹಾಕಿಸ್ಕೋತಾನೆ, ಟಿವಿ ರಿಮೋಟಿಗೆ ಅಪ್ಪನ ಜೊತೆ ಜಗಳ ಆಡ್ತಾನೆ, ಸಂಜೆ ಸ್ಟೇಷನ್ ಹತ್ರ ಹೋಗಿ ಅರಸೀಕೆರೆ ಕಡೆ ಹೋಗೋ ರೈಲು ನೋಡ್ತಾನೆ, ಹಾಡ್ತಾನೆ ಆದ್ರೆ ಶ್ರುತಿ ಅಂತ ಒಂದು ಇದೆ ಅನ್ನೋದೇ ಅವನಿಗೆ ಗೊತ್ತಿಲ್ಲ. ಸುಳ್ಳೂ ಹೇಳ್ತಾನೆ. ಇದನ್ನ ಯಾಕೆ ಹೇಳಿದೆ ಅಂದ್ರೆ ನಮ್ಮ ಬೀದೀಲಿ "ದೇವರಂಥ ಮಗು ಕಣಮ್ಮ, ಕಪಟ ಗೊತ್ತಿಲ್ಲ" ಅನ್ನೋ ಒಂದು ಗುಂಪು ಇದೆ, ಅವರಿಗೆ ನಮ್ಮಮ್ಮ ಡಬ್ಬಿಯಲ್ಲಿಟ್ಟಿದ್ದ ಕೊಬ್ಬರಿ ಮಿಠಾಯಿ ಖಾಲಿ ಮಾಡಿ ಬೆಕ್ಕು ತಿಂತು ಅಂತ ಹೇಳಿದ್ದು ತೋರಿಸ್ಬೇಕಿತ್ತು.

ಅಮ್ಮ ಬಸುರಿ ಇದ್ದಾಗ 1980ರ ಫೆಬ್ರವರಿ 16ರ ಸೂರ್ಯಗ್ರಹಣ ಬಂದಿತ್ತು. ಕಾರವಾರ, ಹುಬ್ಬಳ್ಳಿ, ರಾಯಚೂರು ಕಡೆ ಪೂರ್ತಿ ಗ್ರಹಣ, ನಮ್ಮ ಕಡೆ ಭಾಗಶಃ. ಹಳಬರನ್ನ ಕೇಳಿ, ಮಟಮಟ ಮಧ್ಯಾಹ್ನದಲ್ಲಿ ಬೀದಿ ಎಲ್ಲಾ ಖಾಲಿ, ಕಿಟಕಿ ಬಾಗಿಲು ಹಾಕ್ಕೊಂಡು ಕೂತಿದ್ವಿ ಅಂತಾರೆ. ಅಮ್ಮ ಒಂದು ನಿಮಿಷ ಹಿತ್ತಲಿಗೆ ಹೋಗಿದ್ದಳಂತೆ, ಒಣಗಿಸಿದ್ದ ಬಟ್ಟೆ ತರಕ್ಕೆ. ಅಷ್ಟೇ ಸಾಕಾಯ್ತು. ಅಜ್ಜಿ ಸಾಯೋವರೆಗೂ ಅದೇ ಮಾತು: ಗ್ರಹಣದಲ್ಲಿ ಹೊರಗೆ ಹೋದಳು, ಮಗು ಹಿಂಗಾಯ್ತು. ಹೆರಿಗೆ ಹೊತ್ತಲ್ಲಿ ಎಷ್ಟು ಲೇಟಾಯ್ತು, ಗಾಡಿ ಸಿಗಲಿಲ್ಲ, ಆಸ್ಪತ್ರೇಲಿ ಡಾಕ್ಟರಿರಲಿಲ್ಲ, ಇದ್ಯಾವುದೂ ಯಾರ ಲೆಕ್ಕಕ್ಕೂ ಬರಲಿಲ್ಲ, ಯಾಕಂದ್ರೆ ಅದರಲ್ಲಿ ತಪ್ಪು ಹೊರಿಸಕ್ಕೆ ಮನೆ ಸೊಸೆ ಸಿಗಲ್ಲ.

ಹಳ್ಳಿ ಅಜ್ಜಿ, ಓದಿಲ್ಲ, ಬಿಡಿ ಅಂತ ಅಂದ್ಕೋಬೇಡಿ. ಅಮೆರಿಕಾದಲ್ಲಿ 1950, 60ರ ದಶಕದಲ್ಲಿ ದೊಡ್ಡ ದೊಡ್ಡ ತಜ್ಞರೇ ಆಟಿಸಂ (ಮಾತಾಡೋದು, ಜನರ ಜೊತೆ ಬೆರೆಯೋದು ಬೇರೆ ಥರ ಇರೋ ಮಿದುಳಿನ ಬೆಳವಣಿಗೆ) ಬರೋದು ತಾಯಿ ಪ್ರೀತಿ ತೋರಿಸದೇ ಇರೋದ್ರಿಂದ ಅಂತ ಹೇಳ್ತಿದ್ರು, ಬ್ರೂನೋ ಬೆಟಲ್‌ಹೈಮ್ ಅನ್ನೋರು ಇದನ್ನೇ ಊರೆಲ್ಲಾ ಹಬ್ಬಿಸಿದ್ರು. ಅದನ್ನ ಬರವಣಿಗೇಲಿ ಗಟ್ಟಿಯಾಗಿ ಎದುರಿಸಿದ್ದು 1964ರಲ್ಲಿ ಬರ್ನಾರ್ಡ್ ರಿಮ್ಲಂಡ್, ಅವರು ಮನಃಶಾಸ್ತ್ರಜ್ಞರೂ ಹೌದು, ಆಟಿಸಂ ಇರೋ ಮಗನ ಅಪ್ಪನೂ ಹೌದು. ಈಗ ನಮ್ಮ ಅಪಾರ್ಟ್‌ಮೆಂಟಲ್ಲಿ ಮೂರು ವರ್ಷದ ಮಗು ಮಾತಾಡ್ಲಿಲ್ಲ ಅಂದ್ರೆ "ಕೆಲಸಕ್ಕೆ ಹೋಗ್ತಾಳಲ್ಲ, ಮೊಬೈಲ್ ಕೊಟ್ಟು ಕೂರಿಸಿರ್ತಾಳೆ" ಅಂತಾರೆ. ಗ್ರಹಣ ಹೋಯ್ತು ಮೊಬೈಲ್ ಬಂತು, ಅಮ್ಮ ಮಾತ್ರ ಅಲ್ಲೇ ಇದಾಳೆ.

ಇನ್ನೊಂದು ಗ್ರಹಣದ ಕಥೆ ನಿಮಗೂ ನೆನಪಿರಬಹುದು. 2019ರ ಡಿಸೆಂಬರ್ 26, ಕಂಕಣ ಸೂರ್ಯಗ್ರಹಣ. ಕಲಬುರಗಿ ಹತ್ರ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನ ಕುತ್ತಿಗೆವರೆಗೂ ಮಣ್ಣಲ್ಲಿ ಹೂತು ಇಟ್ಟಿದ್ರು, ಗ್ರಹಣ ಬಿಡೋ ಹೊತ್ತಿಗೆ ಸರಿಹೋಗ್ತಾರೆ ಅನ್ನೋ ನಂಬಿಕೆ. ಟಿವಿಯಲ್ಲಿ ಬರೀ ತಲೆಗಳು ಕಾಣ್ತಿದ್ವು, ಮಕ್ಕಳು ಅಳ್ತಿದ್ರು, ಅಧಿಕಾರಿಗಳು ಹೋಗಿ ತೆಗೆಸಿದ್ರು. ಅವತ್ತು ಫೇಸ್‌ಬುಕ್ ತುಂಬಾ ಆ ತಂದೆತಾಯಿಗಳಿಗೆ ಬೈಗುಳ, ಅನಾಗರಿಕರು, ಒಳಗೆ ಹಾಕಿ ಅಂತ. ನನಗೆ ಬೈಯಕ್ಕೆ ಬಾಯಿ ಬರಲಿಲ್ಲ. ಮಗೂನ ಹೂಳೋದು ಸರಿ ಅಂತ ಅಲ್ಲ, ಅದು ಹಿಂಸೆ, ನಿಲ್ಲಿಸಲೇಬೇಕು. ಆದ್ರೆ ಅದೇ ಬೆಂಗಳೂರಲ್ಲಿ, ಆಟಿಸಂ ವಾಸಿ ಮಾಡ್ತೀವಿ ಅನ್ನೋರಿಗೆ ಲಕ್ಷಗಟ್ಟಲೆ ಕೊಟ್ಟು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸ್ಕೊಂಡು ಬಂದ ಇಂಜಿನಿಯರ್ ಅಪ್ಪ ಅಮ್ಮಂದಿರು ನನಗೆ ಗೊತ್ತು. ಆಟಿಸಂಗೆ ಅದನ್ನ ಶಿಫಾರಸು ಮಾಡಲ್ಲ ಅಂತ ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲೇ ಹೇಳಿದೆ. ಅವರನ್ನ ಯಾರೂ ಅನಾಗರಿಕರು ಅನ್ನಲಿಲ್ಲ, ಪಾಪ ಎಲ್ಲಾ ಟ್ರೈ ಮಾಡ್ತಿದಾರೆ ಅಂದ್ರು. ಎರಡು ಕಡೆನೂ ಅಪ್ಪ ಅಮ್ಮನ ತಲೇಲಿ ಇರೋ ಭಯ ಒಂದೇ: ಈ ಮಗು ಹೀಗೇ ಇದ್ರೆ ಇದನ್ನ ಯಾರೂ ಹತ್ರ ಸೇರಿಸಲ್ಲ.

ಆ ಭಯ ಸುಳ್ಳೇನಲ್ಲ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಅಂಗವೈಕಲ್ಯ ಇರೋರು 2.68 ಕೋಟಿ, ಅದರಲ್ಲಿ ನಮ್ಮಣ್ಣನ ಥರದೋರು 15 ಲಕ್ಷ ಚಿಲ್ಲರೆ. ಈ ಸಂಖ್ಯೆ ನೋಡಿದ್ರೆ ನನಗೆ ನಗು ಬರುತ್ತೆ, ಯಾಕಂದ್ರೆ ನಮ್ಮನೆಗೆ ಗಣತಿಗೆ ಬಂದಾಗ ನಮ್ಮಪ್ಪ, ಇಡೀ ಜೀವನದಲ್ಲಿ ಒಂದು ಬಸ್ ಟಿಕೆಟ್ ತಪ್ಪಿಸದೇ ಇರೋ ಮನುಷ್ಯ, "ಮನೇಲಿ ಯಾರಿಗಾದ್ರೂ ಅಂಗವೈಕಲ್ಯ ಇದ್ಯಾ ಸಾರ್" ಅಂದ್ರೆ "ಇಲ್ಲ" ಅಂದಿದ್ರು. ನನಗೆ ಮದುವೆ ಆಗಿರಲಿಲ್ಲ ಆಗ. ಗಂಡಿನ ಕಡೆಯೋರು ನೋಡಕ್ಕೆ ಬರ್ತಾರೆ ಅಂದ್ರೆ ಅಣ್ಣನ್ನ ಚಿಕ್ಕಪ್ಪನ ಮನೆಗೆ ಕಳಿಸ್ತಿದ್ರು, ಅವನಿಗೆ ಅದು ಹಬ್ಬ, ಅಲ್ಲಿ ಚಿಕ್ಕಮ್ಮ ಬೋಂಡ ಮಾಡ್ತಾರೆ. ಒಂದು ಸಂಬಂಧ ಎಲ್ಲಾ ಕೂಡಿಬಂದು, ಲಗ್ನ ಕಟ್ಟಿಸೋ ಮಾತೂ ಆಗಿ, ಆಮೇಲೆ ಯಾರೋ ಕೊಬ್ಬರಿ ಮಂಡಿಯಲ್ಲಿ ಹೇಳಿಬಿಟ್ರು, "ರಕ್ತದಲ್ಲಿದ್ರೆ ನಾಳೆ ನಮ್ಮ ಮಕ್ಕಳಿಗೂ ಬರಲ್ವಾ" ಅಂತ ಫೋನ್ ಬಂತು. ಹೆರಿಗೆ ಟೈಮಲ್ಲಿ ಆಕ್ಸಿಜನ್ ಸಿಗದೇ ಇದ್ದಿದ್ದು ರಕ್ತದಲ್ಲಿ ಹರಿಯಲ್ಲ ಅಂತ ಯಾರಿಗೆ ಹೇಳೋದು. ಸೋದರಮಾವನಿಗೇ ಹೆಣ್ಣು ಕೊಡೋ ನಮ್ಮ ಕಡೆ ರಕ್ತದ ಬಗ್ಗೆ ಇಷ್ಟು ಕಾಳಜಿ ಇರೋದು ಇಂಥ ಟೈಮಲ್ಲಿ ಮಾತ್ರ!

ಈಗ ಬೆಂಗಳೂರಿನ ಕಥೆಗೆ ಬರ್ತೀನಿ, ಈ ಪೋಸ್ಟ್ ಬರೆಯಕ್ಕೆ ಕಾರಣಾನೇ ಅದು. ನಮ್ಮ ಆಫೀಸಲ್ಲಿ ಈಗ ನ್ಯೂರೋಡೈವರ್ಸಿಟಿ, ಅಂದ್ರೆ ಒಬ್ಬೊಬ್ಬರ ಮಿದುಳು ಒಂದೊಂದು ಥರ, ಅದು ತಪ್ಪಲ್ಲ ಅನ್ನೋದರ ಬಗ್ಗೆ ಸೆಷನ್‌ಗಳು ನಡೆಯುತ್ತೆ. ಖುಷಿ ವಿಷಯಾನೇ. ನನ್ನ ಟೀಮಲ್ಲೇ ಒಬ್ಬಳಿಗೆ ಮೂವತ್ತು ದಾಟಿದ್ಮೇಲೆ ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದೇ ಇರೋ ತೊಂದ್ರೆ) ಅಂತ ಗೊತ್ತಾಯ್ತು, ಚಿಕ್ಕಂದಿನಿಂದ ಸೋಂಬೇರಿ, ಬೇಜವಾಬ್ದಾರಿ ಅಂತ ಬೈಸ್ಕೊಂಡಿದ್ದೋಳು ಅವತ್ತು ಕ್ಯಾಂಟೀನಲ್ಲಿ ಅತ್ತುಬಿಟ್ಟಳು, ಸಮಾಧಾನದಿಂದ. ಅದನ್ನ ಫ್ಯಾಷನ್ ಅಂತ ಆಡಿಕೊಳ್ಳೋರ ಜೊತೆ ನಾನಿಲ್ಲ. 2013ರಲ್ಲಿ ಸ್ಯಾಪ್ ಅನ್ನೋ ಸಾಫ್ಟ್‌ವೇರ್ ಕಂಪನಿ ಆಟಿಸಂ ಇರೋರನ್ನ ಕೆಲಸಕ್ಕೆ ತಗೊಳ್ಳೋ ಪ್ರೋಗ್ರಾಮ್ ಶುರು ಮಾಡಿದಾಗ ಅದರ ಮೊದಲ ಪ್ರಯೋಗ ನಡೆದ ಜಾಗಗಳಲ್ಲಿ ನಮ್ಮ ಬೆಂಗಳೂರಿನ ಲ್ಯಾಬೂ ಒಂದು, ಹೀಗೆ ಈ ಊರಿಗೆ ಇದರಲ್ಲಿ ಸ್ವಲ್ಪ ಹೆಸರೂ ಇದೆ. ಆದ್ರೆ ಸೆಷನ್ನಲ್ಲಿ ಕೂತ್ಕೊಂಡು ಕೇಳ್ತಿದ್ರೆ ಏನು ಹೇಳ್ತಾರೆ ಗೊತ್ತಾ, ಇವರು ಸಾಫ್ಟ್‌ವೇರಲ್ಲಿ ಬಗ್ (ತಪ್ಪು) ಹಿಡಿಯೋದ್ರಲ್ಲಿ ಎತ್ತಿದ ಕೈ, ಡೀಟೇಲ್ಸ್ ಮಿಸ್ ಮಾಡಲ್ಲ, ಬೇರೆಯವರಿಗೆ ಕಾಣದ ಪ್ಯಾಟರ್ನ್ ಇವರಿಗೆ ಕಾಣುತ್ತೆ, ಕಂಪನಿಗೆ ಲಾಭ. ಹಿಂದೆ ಸ್ಲೈಡಲ್ಲಿ ವಿಜ್ಞಾನಿಗಳ ಫೋಟೋ, ಐನ್‌ಸ್ಟೈನ್ ಅಂತೂ ಇರಲೇಬೇಕು, ಆ ಪುಣ್ಯಾತ್ಮ ಸತ್ತಿದ್ದು 1955ರಲ್ಲಿ, ಯಾವ ಡಾಕ್ಟರೂ ಅವರಿಗೆ ಆಟಿಸಂ ಅಂತ ಬರೆದುಕೊಟ್ಟಿಲ್ಲ, ಆದ್ರೂ ಪ್ರತಿ ವಾಟ್ಸ್ಯಾಪ್ ಫಾರ್ವರ್ಡಲ್ಲೂ ಇರ್ತಾರೆ.

ನಾನು ಕೊನೇಲಿ ಕೈ ಎತ್ತಿ, ಬೌದ್ಧಿಕ ಅಂಗವೈಕಲ್ಯ ಇರೋರು ಈ ಲೆಕ್ಕದಲ್ಲಿ ಬರ್ತಾರಾ ಅಂತ ಕೇಳಿದೆ. ಸೆಷನ್ ನಡೆಸ್ತಿದ್ದ ಮೇಡಂ ಒಂದು ಕ್ಷಣ ತಡವರಿಸಿ, "ಅದು ಬೇರೆ ಕ್ಯಾಟಗರಿ, ಇವತ್ತಿನ ಫೋಕಸ್ ಹೈ ಫಂಕ್ಷನಿಂಗ್ ಟ್ಯಾಲೆಂಟ್ ಮೇಲೆ" ಅಂದ್ರು. ಒಳ್ಳೆಯೋರೇ ಅವರು, ನಂದೇನೂ ಜಗಳ ಇಲ್ಲ. ಆದ್ರೆ ಅಮೆರಿಕಾದ ಸಿಡಿಸಿ (ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ) ಲೆಕ್ಕದಲ್ಲೇ ಆಟಿಸಂ ಇರೋ ಮಕ್ಕಳಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಜನಕ್ಕೆ ಬೌದ್ಧಿಕ ಅಂಗವೈಕಲ್ಯನೂ ಇರುತ್ತೆ, ಅವರು ಯಾವ ಸ್ಲೈಡಲ್ಲೂ ಇಲ್ಲ. 1993ರಲ್ಲಿ ಟೊರೊಂಟೊದ ಒಂದು ಸಮ್ಮೇಳನದಲ್ಲಿ ಜಿಮ್ ಸಿಂಕ್ಲೇರ್ ಅನ್ನೋ ಆಟಿಸಂ ಇರೋ ವ್ಯಕ್ತಿ ಅಪ್ಪ ಅಮ್ಮಂದಿರ ಮುಂದೆ ನಿಂತು, ನಮಗಾಗಿ ಶೋಕ ಮಾಡಬೇಡಿ ಅಂತ ಹೇಳಿದ್ರು, ಈ ನ್ಯೂರೋಡೈವರ್ಸಿಟಿ ಚಳವಳಿ ಬೆಳೆದಿದ್ದು ಅಂಥ ಮಾತಿಂದ. ನಾವು ಉಪಯೋಗಕ್ಕೆ ಬರ್ತೀವಿ, ಅದಕ್ಕೆ ಸೇರಿಸ್ಕೊಳ್ಳಿ ಅಂತ ಅವರು ಕೇಳಿರಲಿಲ್ಲ. ನಮ್ಮಲ್ಲಿಗೆ ಬರೋ ಹೊತ್ತಿಗೆ ಅದು ಟ್ಯಾಲೆಂಟ್ ಹಂಟ್ ಆಗಿಬಿಟ್ಟಿದೆ. ಮೊದಲು ಜಾಣರು ಒಂದು ಕಡೆ, ಮಿಕ್ಕೋರು ಒಂದು ಕಡೆ ಇದ್ರು. ಈಗ ಗೆರೆ ಸ್ವಲ್ಪ ಆಚೆ ಎಳೆದು ಇನ್ನೊಂದಷ್ಟು ಜಾಣರನ್ನ ಒಳಗೆ ಕರ್ಕೊಂಡಿದೀವಿ, ಗೆರೆ ಎಳೆಯೋ ಕೋಲು ಅದೇ ಇದೆ. ನಮ್ಮಣ್ಣ ಮೊದಲೂ ಹೊರಗೇ, ಈಗ್ಲೂ ಹೊರಗೇ, ಈಗ ಅವನ ಜೊತೆ ಮೊದಲಿದ್ದೋರಲ್ಲಿ ಒಂದಷ್ಟು ಜನ ಕಮ್ಮಿ ಅಷ್ಟೇ.

ಕೋಲು ಅಂದೆನಲ್ಲ, ಅಣ್ಣನ್ನ ನಿಮ್ಹಾನ್ಸ್‌ಗೆ ಕರ್ಕೊಂಡು ಹೋದಾಗ ಅದನ್ನ ಕಣ್ಣಾರೆ ನೋಡಿದೆ. ಐಕ್ಯೂ ನೋಡಕ್ಕೆ ಬಿನೆ-ಕಾಮತ್ ಟೆಸ್ಟ್ ಅಂತ ಒಂದು ಇದೆ. ಫ್ರಾನ್ಸಿನ ಬಿನೆ 1905ರಲ್ಲಿ ಶಾಲೇಲಿ ಯಾವ ಮಕ್ಕಳಿಗೆ ಜಾಸ್ತಿ ಸಹಾಯ ಬೇಕು ಅಂತ ಕಂಡುಹಿಡಿಯಕ್ಕೆ ಮಾಡಿದ್ದು ಅದು, ಹೊರಗೆ ಹಾಕಕ್ಕಲ್ಲ. ಅದನ್ನ 1934ರಲ್ಲಿ ನಮ್ಮ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದೋರು ಡಾ. ವಿ. ವಿ. ಕಾಮತ್. ಸುಮಾರು ತೊಂಬತ್ತು ವರ್ಷದ ಹಿಂದೆ, ಇಂಗ್ಲಿಷ್ ಬರದ ಮಗೂನ ಇಂಗ್ಲಿಷ್ ಪ್ರಶ್ನೆ ಕೇಳಿ ದಡ್ಡ ಅನ್ನೋದು ತಪ್ಪು ಅಂತ ಒಬ್ಬರಿಗೆ ಅನ್ನಿಸಿತ್ತಲ್ಲ, ಅದೇ ನನಗೆ ದೊಡ್ಡ ವಿಷಯ. ಇನ್ನೊಂದು ಟೆಸ್ಟಲ್ಲಿ ದಿನನಿತ್ಯದ ಪ್ರಶ್ನೆಗಳು, ತಾನೇ ಸ್ನಾನ ಮಾಡ್ತಾನಾ, ಒಬ್ಬನೇ ಅಂಗಡಿಗೆ ಹೋಗ್ತಾನಾ, ಬಟನ್ ಹಾಕ್ಕೋತಾನಾ. ಅಂಗಡಿಗೆ ಹೋಗ್ತಾನೆ ಅಂದ್ರೆ ಹೋಗ್ತಾನೆ, ಆದ್ರೆ ನಮ್ಮ ಬೀದಿ ಶೆಟ್ಟರ ಅಂಗಡಿಗೆ ಮಾತ್ರ, ಯಾಕಂದ್ರೆ ಶೆಟ್ಟರು ಅವನ ಕೈಯಲ್ಲಿರೋ ಚೀಟಿ ನೋಡಿ ಸಾಮಾನು ಕೊಟ್ಟು ಚಿಲ್ಲರೆ ಎಣಿಸಿ ಜೇಬಿಗೆ ಹಾಕಿ ಕಳಿಸ್ತಾರೆ. ಆ ಜಾಣತನ ಅಣ್ಣಂದಾ ಶೆಟ್ಟರದ್ದಾ? ಫಾರ್ಮಲ್ಲಿ ಅದಕ್ಕೆ ಜಾಗ ಇರಲಿಲ್ಲ. ಊರಿಗೆ ವಾಪಸ್ ಬಂದ್ಮೇಲೆ ಇನ್ನೊಂದು ತಾಪತ್ರಯ, ನಿಮ್ಹಾನ್ಸ್ ಅಂದ್ರೆ ನಮ್ಮೂರಲ್ಲಿ ಒಂದೇ ಅರ್ಥ ತಾನೇ, ಹುಚ್ಚು ಹಿಡಿದಿದೆ, ಹುಷಾರು, ಹೊಡೆದುಬಿಡ್ತಾನೆ ಅಂತ ಶುರುವಾಯ್ತು. 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ಮಾನಸಿಕ ಕಾಯಿಲೆ ಬೇರೆ, ಬುದ್ಧಿ ಬೆಳವಣಿಗೆ ಕಮ್ಮಿ ಇರೋದು ಬೇರೆ ಅಂತ ಸ್ಪಷ್ಟವಾಗಿ ಬರೆದಿದಾರೆ, ಆದ್ರೆ ಕಾಯ್ದೆ ಓದಿ ಯಾರೂ ಮಕ್ಕಳನ್ನ ಆಟಕ್ಕೆ ಕಳಿಸಲ್ಲ.

ದುಡ್ಡಿನ ವಿಷಯ. ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನ್ಸುತ್ತೆ, ಜನಕ್ಕೆ ಇದು ಸಣ್ಣತನ ಅನ್ಸುತ್ತೆ.

ಅಣ್ಣ ಇಪ್ಪತ್ತು ದಾಟಿದಾಗಿಂದ ನೆಂಟರೊಬ್ಬರ ಕೊಬ್ಬರಿ ಮಂಡಿಗೆ ಹೋಗ್ತಾನೆ. ಕರಟ ಬಿಡಿಸಿದ ಕೊಬ್ಬರಿ ಚೀಲಕ್ಕೆ ತುಂಬೋದು, ಕರಟ ಗುಡ್ಡೆ ಹಾಕೋದು, ಕಸ ಗುಡಿಸೋದು. ಬೆಳಿಗ್ಗೆ ಹೋದ್ರೆ ಸಾಯಂಕಾಲ. ಎಷ್ಟೋ ವರ್ಷ ಅವನಿಗೆ ಸಿಗ್ತಿದ್ದಿದ್ದು ಕಾಫಿ, ತಿಂಡಿ, ದೀಪಾವಳಿಗೆ ಒಂದು ಜೊತೆ ಬಟ್ಟೆ. ಊರೆಲ್ಲಾ ಆ ನೆಂಟರನ್ನ ಹೊಗಳೋದು, ಎಂಥಾ ದೊಡ್ಡ ಮನಸ್ಸು, ಅಂಥೋನನ್ನ ಇಟ್ಕೊಂಡಿದಾರೆ ಅಂತ. ಒಂದು ಸಲ ನಾನು ಹೋಗಿ ಕೂಲಿ ಕೊಡಿ ಅಂದೆ. ಅವರಿಗೆ ನಿಜವಾಗ್ಲೂ ಅರ್ಥ ಆಗ್ಲಿಲ್ಲ, ಕೋಪ ಕೂಡ ಬರಲಿಲ್ಲ ಪಾಪ. "ಅವನಿಗೆ ದುಡ್ಡು ಯಾಕವ್ವಾ? ಬೆಲೆ ಗೊತ್ತಾ ಅವನಿಗೆ?" ಅಂದ್ರು. ಆಮೇಲೆ "ಬೇರೆಯೋರು ಹತ್ತು ಚೀಲ ತುಂಬೋ ಹೊತ್ತಲ್ಲಿ ಇವನು ಐದು ತುಂಬ್ತಾನೆ" ಅಂದ್ರು. ಸರಿ, ಐದು ಚೀಲದ್ದು ಕೊಡಿ ಅಂದೆ. ಅಪ್ಪ ಅವತ್ತು ನನ್ನ ಜೊತೆ ಮಾತು ಬಿಟ್ರು, ನೆಂಟಸ್ತಿಕೆ ಕೆಡಿಸ್ತೀಯಾ ಅಂತ. ಒಂದೆರಡು ಹಬ್ಬ ಹೋಗೋದು ಬರೋದೂ ನಿಂತಿತ್ತು, ಆಮೇಲೆ ಆ ನೆಂಟರ ಮಗ ಮಂಡಿ ನೋಡ್ಕೊಳ್ಳಕ್ಕೆ ಶುರು ಮಾಡಿದ, ಅವನು ಮಾತಿಲ್ಲದೆ ಚೀಲದ ಲೆಕ್ಕಕ್ಕೆ ಒಪ್ಕೊಂಡ. ಈಗ ವಾರಕ್ಕೊಂದ್ಸಲ ಕೈಗೆ ಬರುತ್ತೆ. ಮೊದಲ ದುಡ್ಡಲ್ಲಿ ಅಣ್ಣ ಏನು ತಗೊಂಡ ಅಂದ್ರೆ ಬಂಗಾರದ ಬಣ್ಣದ ವಾಚು. ಬೀದಿಯವರೆಲ್ಲಾ ನಕ್ಕಿದ್ದೇ ನಕ್ಕಿದ್ದು, ಟೈಮ್ ನೋಡಕ್ಕೆ ಬರಲ್ಲ ವಾಚ್ ಅಂತೆ ಅಂತ. ಅಲ್ರೀ, ಈಗ ವಾಚ್ ಕಟ್ಟೋರಲ್ಲಿ ಟೈಮ್ ನೋಡಕ್ಕೆ ಕಟ್ಟೋರು ಎಷ್ಟು ಜನ ಇದಾರೆ?

2017ರಲ್ಲಿ ಹುಬ್ಬಳ್ಳಿಯ ಕಾಲೇಜ್ ಕ್ಯಾಂಪಸ್ಸಲ್ಲಿ ಶುರುವಾದ ಮಿಟ್ಟಿ ಕೆಫೆ ಗೊತ್ತಲ್ಲ, ಅಂಗವೈಕಲ್ಯ ಇರೋರೇ ನಡೆಸೋದು, 2023ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಆವರಣಕ್ಕೇ ಹೋಯ್ತು. ನನಗೆ ಅದರಲ್ಲಿ ಇಷ್ಟ ಆಗೋದು ಅಲ್ಲಿ ಅವರು ಕೆಲಸಕ್ಕೆ ಇರೋದು, ಕಾಫಿಗೆ ದುಡ್ಡು ಕೊಡ್ತೀವಿ, ಕಾಫಿ ಕೊಡ್ತಾರೆ. ಅಂಥ ಜಾಗಕ್ಕೆ ಹೋಗಿ ಕಣ್ಣೀರು ಹಾಕ್ಕೊಂಡು ವಿಡಿಯೋ ಮಾಡೋರು ಇದಾರಲ್ಲ, ಅವರಿಗೊಂದು ಮಾತು: ಕಾಫಿ ಆರುತ್ತೆ, ಕುಡೀರಿ.

ಓಟಿನ ಕಥೆ ಹೇಳ್ಬಿಡ್ತೀನಿ. 2023ರ ಮೇ 10, ವಿಧಾನಸಭೆ ಎಲೆಕ್ಷನ್. ಅಣ್ಣನ ಹೆಸರು ಲಿಸ್ಟಲ್ಲಿದೆ, ಹೋದ್ವಿ. ಒಬ್ಬ ಪಾರ್ಟಿ ಏಜೆಂಟು, ಪರಿಚಯದವನೇ, "ಇವನಿಗೆಲ್ಲಾ ಯಾಕಮ್ಮಾ ಓಟು, ಏನು ಗೊತ್ತಾಗುತ್ತೆ ಇವನಿಗೆ" ಅಂದ, ಎಲ್ಲರ ಎದುರಿಗೆ. ಕೋರ್ಟ್ ಒಬ್ಬರನ್ನ ಬುದ್ಧಿಸ್ಥಿಮಿತ ಇಲ್ಲ ಅಂತ ಘೋಷಿಸಿದ್ರೆ ಮಾತ್ರ ಹೆಸರು ತೆಗೀತಾರೆ, ಅದು 1950ರ ಕಾಯ್ದೇಲೇ ಇದೆ, ನಮ್ಮಣ್ಣನ ಮೇಲೆ ಯಾವ ಕೋರ್ಟೂ ಏನೂ ಘೋಷಿಸಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 92ನೇ ಸೆಕ್ಷನ್ ಪ್ರಕಾರ ಸಾರ್ವಜನಿಕವಾಗಿ ಬೇಕಂತ ಅವಮಾನ ಮಾಡಿದ್ರೆ ಆರು ತಿಂಗಳಿಂದ ಐದು ವರ್ಷ ಜೈಲು ಅಂತಲೂ ಹೇಳೋಣ ಅನ್ನಿಸ್ತು, ಅಷ್ಟರಲ್ಲಿ ಪ್ರಿಸೈಡಿಂಗ್ ಆಫೀಸರ್, ಯಾವುದೋ ಸ್ಕೂಲ್ ಮೇಷ್ಟ್ರು ಅನ್ಸುತ್ತೆ, "ಲಿಸ್ಟಲ್ಲಿದೆ ಕಣ್ರೀ, ಮುಂದೆ ಬನ್ನಿ ಯಜಮಾನ್ರೇ" ಅಂದ್ರು. ಯಜಮಾನ್ರೇ! ಅಣ್ಣ ಎದೆ ಉಬ್ಬಿಸ್ಕೊಂಡು ಹೋಗಿ ಒಬ್ಬನೇ ಒತ್ತಿ ಬಂದ, ಹೊರಗೆ ಬಂದು ಯಾರಿಗೆ ಹಾಕಿದೆ ಅಂತ ಎಲ್ಲರಿಗೂ ಕೇಳೋ ಹಾಗೆ ಕೂಗಿ ಹೇಳಿದ. ಆ ಏಜೆಂಟಿನ ಪಾರ್ಟಿಗಲ್ಲ. ಏನು ಗೊತ್ತಾಗುತ್ತೆ ಇವನಿಗೆ ಅನ್ನೋದಾದ್ರೆ, ಸೀರೆ ಕುಕ್ಕರ್ ತಗೊಂಡು ಓಟು ಹಾಕಿದೋರಿಗೆ ಅವತ್ತು ಯಾರೂ ಪರೀಕ್ಷೆ ಇಟ್ಟಿರಲಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದ್ರೆ ನಗೋ ಹಾಗೂ ಇಲ್ಲ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬೌದ್ಧಿಕ ಅಂಗವೈಕಲ್ಯದ ಹೆಣ್ಣುಮಕ್ಕಳನ್ನ ಪುಣೆಗೆ ಕರ್ಕೊಂಡು ಹೋಗಿ ಗರ್ಭಕೋಶ ತೆಗೆಸಿದ್ರು, ಮುಟ್ಟಿನ ಸಮಯದಲ್ಲಿ ನೋಡ್ಕೊಳ್ಳೋದು ಕಷ್ಟ ಅಂತ. ಕಷ್ಟ ನೋಡ್ಕೊಳ್ಳೋರಿಗೆ, ಆಪರೇಷನ್ ಅವರಿಗೆ. 2009ರಲ್ಲಿ ಚಂಡೀಗಢದ ಕೇಸಲ್ಲಿ ಸುಪ್ರೀಂ ಕೋರ್ಟ್ ಬೇರೆ ಮಾತು ಹೇಳ್ತು. ಸರ್ಕಾರಿ ಆಶ್ರಯದಲ್ಲಿದ್ದ ಹುಡುಗಿ, ಅಲ್ಲೇ ಅತ್ಯಾಚಾರ ಆಗಿ ಬಸುರಾಗಿದ್ದಳು, ಗರ್ಭಪಾತ ಮಾಡಿಸಿ ಅಂತ ಹೈಕೋರ್ಟ್ ಹೇಳಿತ್ತು, ಅವಳು ಮಗು ಬೇಕು ಅಂದಳು. ಬುದ್ಧಿ ಕಮ್ಮಿ ಇದೆ ಅನ್ನೋ ಕಾರಣಕ್ಕೆ ಅವಳ ಒಪ್ಪಿಗೆ ಬಿಟ್ಟು ತೀರ್ಮಾನ ಮಾಡೋ ಹಾಗಿಲ್ಲ ಅಂದ್ರು. ನಾನು ಅದರ ಬಗ್ಗೆ ನಮ್ಮ ಕುಟುಂಬದ ಹೆಂಗಸರ ಹತ್ರ ಮಾತಾಡಿದಾಗ ಒಬ್ಬರೂ ಒಪ್ಪಲಿಲ್ಲ, ಅಮ್ಮ ಕೂಡ. "ಆ ಮಗೂನ ನೋಡ್ಕೊಳ್ಳೋರು ಯಾರು? ಕೋರ್ಟ್ ಬಂದು ನೋಡ್ಕೊಳುತ್ತಾ?" ಅಂದಳು. ನಲವತ್ತೈದು ವರ್ಷ ಒಬ್ಬಳೇ ಮಾಡಿದೋಳ ಪ್ರಶ್ನೆ ಅದು, ಉತ್ತರ ಕೊಡೋಕೆ ನನ್ನ ಹತ್ರ ಇರಲಿಲ್ಲ, ಆದ್ರೂ ಆ ಹುಡುಗೀನ ಕೇಳಿದ್ದು ಸರಿ ಅಂತಾನೇ ಈಗ್ಲೂ ಅನ್ಸುತ್ತೆ.

ಜನ ಎಲ್ಲಾ ಕೆಟ್ಟೋರು ಅಂತ ಅಲ್ಲ. 2022ರ ಮೇನಲ್ಲಿ ರಾಂಚಿ ಏರ್‌ಪೋರ್ಟಲ್ಲಿ ಗಾಬರಿಯಾಗಿದ್ದ ಅಂಗವಿಕಲ ಹುಡುಗನ್ನ ವಿಮಾನ ಹತ್ತಿಸಲ್ಲ ಅಂದ್ರಲ್ಲ, ಆಮೇಲೆ ವಿಮಾನ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಡಿಜಿಸಿಎ ಆ ಏರ್‌ಲೈನಿಗೆ 5 ಲಕ್ಷ ದಂಡ ಹಾಕ್ತು, ಅವತ್ತು ಆ ಹುಡುಗನ ಪರವಾಗಿ ನಿಂತಿದ್ದು ಪಕ್ಕದಲ್ಲಿದ್ದ ಪ್ಯಾಸೆಂಜರ್‌ಗಳೇ. ನಮ್ಮ ಅನುಭವನೂ ಹೆಚ್ಚುಕಮ್ಮಿ ಅದೇ, ಬಸ್ ಕಂಡಕ್ಟರ್, ಹೋಟೆಲ್ ಸಪ್ಲೈಯರ್, ಸ್ಟೇಷನ್ನಿನ ಪೋರ್ಟರ್, ಇವರ ಹತ್ರ ತೊಂದ್ರೆ ಆಗಿದ್ದು ಕಮ್ಮಿ. ತೊಂದ್ರೆ ಕೊಡೋದು ಗುಡ್ ಸ್ಕೂಲು, ಗುಡ್ ಫ್ಯಾಮಿಲಿ, ಗೇಟೆಡ್ ಕಮ್ಯುನಿಟಿ. ನನ್ನ ಫ್ಲ್ಯಾಟಿಗೆ ಅಣ್ಣ ಬಂದಾಗ ಪಾರ್ಕಲ್ಲಿ ಮಕ್ಕಳ ಜೊತೆ ಉಯ್ಯಾಲೆ ಆಡಿದ ಅಂತ ಗ್ರೂಪಲ್ಲಿ ಮೆಸೇಜ್ ಬಂತು, "ನಥಿಂಗ್ ಪರ್ಸನಲ್, ಸೇಫ್ಟಿ ಕನ್ಸರ್ನ್" ಅಂತ. ಕೆಳಗೆ ಎರಡು ಕೈ ಮುಗಿಯೋ ಇಮೋಜಿ. ಅದೇ ಗ್ರೂಪಲ್ಲಿ ಏಪ್ರಿಲ್ 2ನೇ ತಾರೀಖು ಆಟಿಸಂ ದಿನಕ್ಕೆ ನೀಲಿ ಲೈಟ್ ಹಾಕಿಸಿದ್ರು.

ಈಗ ನಮ್ಮನೇಲಿ ನಡೀತಿರೋ ವಿಷಯ ಗಾರ್ಡಿಯನ್‌ಶಿಪ್ಪು, ಅಂದ್ರೆ ಅಣ್ಣನ ಪರವಾಗಿ ಕಾನೂನು ಪ್ರಕಾರ ತೀರ್ಮಾನ ತಗೊಳ್ಳೋರು ಯಾರು ಅನ್ನೋದು. ಹದಿನೆಂಟು ದಾಟಿದ್ಮೇಲೆ ಅಪ್ಪ ಅಮ್ಮ ಕೂಡ ಕಾನೂನಿನ ಪ್ರಕಾರ ತಾವಾಗೇ ಗಾರ್ಡಿಯನ್ ಅಲ್ಲ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಬ್ಯಾಂಕಲ್ಲೋ ಆಸ್ತಿ ವಿಷಯದಲ್ಲೋ ಸಿಕ್ಕಿಹಾಕ್ಕೊಂಡಾಗ ಗೊತ್ತಾಗುತ್ತೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಕೆಳಗೆ ಜಿಲ್ಲೆಗೊಂದು ಲೋಕಲ್ ಲೆವೆಲ್ ಕಮಿಟಿ ಇರುತ್ತೆ, ಡಿಸಿ ಇರ್ತಾರೆ, ಒಂದು ಸಂಸ್ಥೆಯೋರು ಇರ್ತಾರೆ, ಅಂಗವೈಕಲ್ಯ ಇರೋ ಒಬ್ಬರು ಇರ್ತಾರೆ, ಅಲ್ಲಿಗೆ ಅರ್ಜಿ ಹಾಕ್ಬೇಕು. 2016ರ ಕಾಯ್ದೇಲಿ ಇನ್ನೊಂದು ದಾರಿ ಇದೆ, ಲಿಮಿಟೆಡ್ ಗಾರ್ಡಿಯನ್, ಅಂದ್ರೆ ಯಾವುದೋ ಒಂದು ತೀರ್ಮಾನಕ್ಕೆ, ಇಷ್ಟು ಸಮಯಕ್ಕೆ ಅಂತ, ಅದೂ ಆ ವ್ಯಕ್ತಿ ಜೊತೆ ಮಾತಾಡಿ ಇಬ್ಬರೂ ಸೇರಿ ಮಾಡೋದು. ನನಗೆ ಎರಡನೇದು ಇಷ್ಟ, ನಮ್ಮ ವಕೀಲರಿಗೆ ಮೊದಲನೇದು, "ಮೇಡಂ, ಆಫೀಸಲ್ಲಿ ಇದೇ ಗೊತ್ತಿರೋದು, ಇದನ್ನೇ ಮಾಡಿ" ಅಂತಾರೆ.

ಅಣ್ಣನ್ನ ಕೇಳಿದೆ, ಮುಂದೆ ಯಾರ ಜೊತೆ ಇರ್ತೀಯಾ ಅಂತ. ಬೆಂಗಳೂರಿಗೆ ಬರಲ್ಲ ಅಂದ, ನಿಮ್ಮ ಮನೇಲಿ ಲಿಫ್ಟು, ನನಗೆ ಬೇಡ, ಇಲ್ಲೇ ಇರ್ತೀನಿ, ಮಂಡಿಗೆ ಹೋಗ್ಬೇಕು ಅಂದ. ಅಪ್ಪನಿಗೆ ನಾನು ಕರ್ಕೊಂಡು ಹೋಗ್ಬೇಕು ಅಂತ. ನಮ್ಮೆಜಮಾನ್ರು ತಿಪಟೂರಲ್ಲೇ ಪಕ್ಕದ ಮನೆ ಬಾಡಿಗೆಗೆ ಹಿಡಿದು ಯಾರನ್ನಾದ್ರೂ ನೋಡ್ಕೊಳ್ಳಕ್ಕೆ ಇಡೋಣ ಅಂತಾರೆ, ಅದು ದುಡ್ಡಿನ ಲೆಕ್ಕದಲ್ಲಿ ಆಗುತ್ತಾ ಇಲ್ವಾ ಅಂತ ಇನ್ನೂ ಕೂಡಿ ಕಳೀತಿದೀವಿ. ಅಪ್ಪ ಅಮ್ಮ ಇಬ್ಬರೂ ಗಟ್ಟಿಯಾಗಿರೋವಾಗ್ಲೇ ಪೇಪರ್ ಕೆಲಸ ಮುಗಿಸ್ಬೇಕು ಅನ್ನೋದೊಂದು ಮಾತ್ರ ಎಲ್ಲರೂ ಒಪ್ಪಿರೋದು. ಇದನ್ನ ಓದ್ತಿರೋರಲ್ಲಿ ಇಂಥ ಅಣ್ಣನೋ ತಂಗಿಯೋ ಇರೋರು ಇದ್ರೆ, ಅದರಲ್ಲೂ ತುಮಕೂರು ಜಿಲ್ಲೇಲಿ ಗಾರ್ಡಿಯನ್‌ಶಿಪ್ ಮಾಡಿಸಿದೋರು ಇದ್ರೆ, ಯಾವ ಸೆಕ್ಷನ್ನಲ್ಲಿ ಹಾಕಿದ್ರಿ, ಎಷ್ಟು ತಿಂಗಳು ಹಿಡೀತು, ಕಮಿಟಿಯೋರು ನಿಮ್ಮ ಅಣ್ಣನ್ನ ಅಥವಾ ತಂಗೀನ ಕೂರಿಸಿ ಏನಾದ್ರೂ ಕೇಳಿದ್ರಾ, ಇಲ್ಲ ಬರೀ ನಿಮ್ಮನ್ನೇ ಕೇಳಿದ್ರಾ, ಬರೆದು ತಿಳಿಸಿ. ಮುಂದಿನ ತಿಂಗಳು ಅರ್ಜಿ ಹಾಕೋ ಯೋಚನೆ ಇದೆ.